"ಈ ಕತ್ತಿ ನಿನಗಲ್ಲ" ಅನ್ನುವ ಮೊದಲು

(ಆಟಗಾರರ ಕೂಟವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು ದಾಳ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ) ಆಡುವವರಿಗೆ, ಅದರಲ್ಲೂ ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ಹೇಳಿ ತೀರ್ಪು ಕೊಡುವವರು) ಆಗಿ ಆಟ ನಡೆಸುವವರಿಗೆ, ಹೋಲಿ ಅವೆಂಜರ್ ಅನ್ನುವ ಕತ್ತಿ ಗೊತ್ತೇ ಇರುತ್ತದೆ. 2014ರ ಐದನೇ ಆವೃತ್ತಿಯಲ್ಲಿ ಕತ್ತಿಯ ಹೆಸರಿನ ಕೆಳಗೇ ಷರತ್ತು ಬರೆದಿದ್ದಾರೆ: ಇದಕ್ಕೆ ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ಧರ್ಮಯೋಧ) ಮಾತ್ರ ಅಟ್ಯೂನ್ ಆಗಬಹುದು, ಅಂದರೆ ವಸ್ತುವಿನ ಮಾಯೆಯ ಜೊತೆ ನಂಟು ಬೆಸೆದುಕೊಳ್ಳಬಹುದು. ಪ್ಯಾಲಡಿನ್ ಕೈಯಲ್ಲಿ ಅದು ಪ್ಲಸ್ 3 ಕತ್ತಿ, ಅಂದರೆ ಹೊಡೆಯಲು ಹಾಕುವ ದಾಳಕ್ಕೂ ಪೆಟ್ಟಿಗೂ 3 ಸೇರುತ್ತದೆ. ದೆವ್ವಗಳಿಗೆ, ಸತ್ತು ಎದ್ದವರಿಗೆ ಹೊಡೆದರೆ ಇನ್ನೂ ಎರಡು ಡಿ10 (ಹತ್ತು ಮುಖದ ದಾಳ) ಪೆಟ್ಟು. ಸುತ್ತ 10 ಅಡಿಯಲ್ಲಿ ನಿಂತ ಗೆಳೆಯರಿಗೂ ಮಂತ್ರದ ವಿರುದ್ಧ ಸೇವ್ (ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ) ಮಾಡುವಾಗ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಬೇರೆ ಯಾರದೇ ಕೈಗೆ ಹೋದರೂ ಅದು ಸಾದಾ ಕತ್ತಿ, ಅಷ್ಟೇ.

ಈಗ ನಿಮ್ಮ ಪಾರ್ಟಿಯಲ್ಲಿ (ಒಟ್ಟಿಗೆ ಸಾಹಸಕ್ಕೆ ಹೊರಟ ತಂಡದಲ್ಲಿ) ಪ್ಯಾಲಡಿನ್ ಇಲ್ಲ ಅಂತ ಇಟ್ಟುಕೊಳ್ಳಿ. ಒಬ್ಬ ಫೈಟರ್ (ಯೋಧ), ಒಬ್ಬ ರೋಗ್ (ಕಳ್ಳತನ, ಚಾಲಾಕಿಯಲ್ಲಿ ಪಳಗಿದವನು), ಒಬ್ಬ ವಿಜರ್ಡ್ (ಮಂತ್ರವಾದಿ), ಒಬ್ಬ ಡ್ರೂಯಿಡ್ (ಕಾಡಿನ ಮಂತ್ರಗಾರ). ವಾರಗಟ್ಟಲೆ ಆಡಿದ ಮೇಲೆ ಕೊನೆಗೂ ಡ್ರ್ಯಾಗನ್ ಬಿದ್ದಿದೆ, ಚಿನ್ನದ ರಾಶಿ ಕೆದಕಿದಾಗ ಈ ಕತ್ತಿ ಸಿಕ್ಕಿದೆ, ನೀವು ಅದರ ಹಿಡಿ, ಅದರ ಹೊಳಪು ಎಲ್ಲವನ್ನೂ ಚೆನ್ನಾಗಿ ವರ್ಣಿಸಿದ್ದೀರಿ. ಫೈಟರ್ ಆಡುವ ಹುಡುಗಿ ಕ್ಯಾರೆಕ್ಟರ್ ಶೀಟ್ ಹತ್ತಿರ ಎಳೆದುಕೊಂಡು "ನಾನು ತಗೋತೀನಿ" ಅನ್ನುತ್ತಾಳೆ. "ಇಲ್ಲ, ಅದು ಪ್ಯಾಲಡಿನ್‌ಗೆ ಮಾತ್ರ" ಅನ್ನುತ್ತೀರಿ ನೀವು. ಟೇಬಲ್ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಮೇಲೆ ರೋಗ್ ಆಡುವವನು ಕೇಳುತ್ತಾನೆ: "ಮಾರಿದರೆ ಎಷ್ಟು ಬರುತ್ತೆ?"

ಆ ಕ್ಯಾಂಪೇನ್‌ನ (ಕೂಟದಿಂದ ಕೂಟಕ್ಕೆ ಮುಂದುವರಿಯುವ ಕಥೆಯ) ಅತಿ ದೊಡ್ಡ ವಸ್ತು ಅಲ್ಲಿಗೆ ಒಂದು ಬೆಲೆಚೀಟಿಯಾಯಿತು. ಇದು ಆ ಹುಡುಗನ ತಪ್ಪಲ್ಲ. ನಿಯಮ ಅವನಿಗೆ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಮಾಯದ ವಸ್ತುವನ್ನು ಯಾರು ಬಳಸಬಹುದು ಅಂತ ಪಟ್ಟಿ ಬರೆಯುವ ಬದಲು, ಬಳಸಿದವರು ಏನು ತೆರಬೇಕು ಅಂತ ಬರೆಯಿರಿ. ವಸ್ತು ಯಾರಿಗೆ ಸೇರಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆಯೋ ಅವರಿಗೆ ಹಗುರಾಗಿ, ಉಳಿದವರಿಗೆ ಭಾರವಾಗಿ ಬೀಳುವಂಥ ಬೆಲೆಯನ್ನು ಹುಡುಕಿ. ಆಗ "ಪ್ಯಾಲಡಿನ್‌ಗೆ ಮಾತ್ರ" ಅಂತ ಬರೆಯದೆಯೂ ಅದು ಪ್ಯಾಲಡಿನ್ ಕತ್ತಿಯಾಗಿಯೇ ಉಳಿಯುತ್ತದೆ. ಆದರೂ ಫೈಟರ್ ಕೈ ಚಾಚಬಹುದು.

ಹಾಗಂತ ನಿರ್ಬಂಧಗಳೇ ಬೇಡ ಅನ್ನುವ ವಾದ ನನ್ನದಲ್ಲ. ಅವು ಹುಟ್ಟಿದ್ದಕ್ಕೆ ಒಳ್ಳೆಯ ಕಾರಣ ಇತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಆಟದಲ್ಲಿ ಇದ್ದದ್ದು ಮೂರೇ ಕ್ಲಾಸ್ (ಪಾತ್ರದ ಕಸುಬು): ಯೋಧ, ಮಂತ್ರವಾದಿ, ಕ್ಲೆರಿಕ್ (ದೇವರ ಸೇವಕ). ಮಂತ್ರವಾದಿ ಲೆವೆಲ್ ಏರಿದಂತೆ ಮಂತ್ರ ಕಲಿಯುತ್ತಾ ಹೋಗುತ್ತಾನೆ. ಯೋಧನಿಗೆ ಅಂಥದ್ದೇನೂ ಇಲ್ಲ. ಆದ್ದರಿಂದ ಮಾಯದ ಆಯುಧಗಳೆಲ್ಲ ಯೋಧನ ಪಾಲು, ಅದೇ ಅವನ ದೊಡ್ಡ ಲಾಭ ಅಂತ ಆ ಪುಸ್ತಕವೇ ಹೇಳುತ್ತದೆ. ಮಂತ್ರವಾದಿಗೆ ಬರೀ ಕಠಾರಿ. ಕ್ಲೆರಿಕ್ ಅಲಗು ಇರುವ ಆಯುಧ ಹಿಡಿಯುವ ಹಾಗಿಲ್ಲ, ಬಾಣವೂ ಇಲ್ಲ. ಹೀಗೆ ಹಂಚಿದ್ದರಿಂದ ನಿಧಿ ಸಿಕ್ಕಾಗ ಪ್ರತಿಯೊಬ್ಬರಿಗೂ ಒಂದೊಂದು ಖುಷಿ ಇತ್ತು, ಜಗಳ ಕಮ್ಮಿ ಇತ್ತು. ಆ ಲೆಕ್ಕಾಚಾರವನ್ನು ನಾನು ಗೌರವಿಸುತ್ತೇನೆ.

ಆದರೆ ಅದೇ 1974ರ ಪುಸ್ತಕದಲ್ಲಿ ಇನ್ನೊಂದು ಬಗೆಯ ನಿರ್ಬಂಧವೂ ಇದೆ, ಅದು ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಲ್ಲಿನ ಮಾಯದ ಕತ್ತಿಗಳಿಗೆ ಬುದ್ಧಿ ಇರುತ್ತಿತ್ತು, ಧರ್ಮ-ಅಧರ್ಮದ ಪಕ್ಷ ಇರುತ್ತಿತ್ತು, ಕೆಲವಕ್ಕೆ ಅಹಂಕಾರವೂ ಇರುತ್ತಿತ್ತು. ನಿಮ್ಮ ಪಕ್ಷ ಮತ್ತು ಕತ್ತಿಯ ಪಕ್ಷ ಬೇರೆಯಾದರೆ, ಮುಟ್ಟಿದ ಕೂಡಲೇ ಪೆಟ್ಟು. ಅಹಂಕಾರ ಜೋರಾಗಿರುವ ಕತ್ತಿಯಾದರೆ ಹಿಡಿದವನನ್ನೇ ಆಳಲು ನೋಡುತ್ತಿತ್ತು: ತನಗಿಂತ ಒಳ್ಳೆಯ ಆಯುಧ ಬಿದ್ದಿದ್ದರೆ ಆ ಕಡೆ ಹೋಗಲು ಬಿಡುತ್ತಿರಲಿಲ್ಲ, ಬೇಡದ ಹೊಡೆದಾಟಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಇಲ್ಲಿ "ನೀನು ಮುಟ್ಟುವ ಹಾಗಿಲ್ಲ" ಅನ್ನುವ ಮಾತೇ ಇಲ್ಲ. ಮುಟ್ಟು, ಆಮೇಲೆ ನೋಡೋಣ ಅನ್ನುವ ಕತ್ತಿ ಇದು. ಅದು ಯಾರ ಕೈಗೆ ಹೋದರೂ ಟೇಬಲ್‌ನಲ್ಲಿ ಏನೋ ಒಂದು ನಡೆದೇ ನಡೆಯುತ್ತದೆ.

ಹಳೆಯ ನಿಯಮಗಳು ಬಿಗಿ, ಹೊಸವು ಸಡಿಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಹೋಲಿ ಅವೆಂಜರ್ ವಿಷಯದಲ್ಲಿ ಅದು ತಲೆಕೆಳಗು. 1979ರ ಡಂಜನ್ ಮಾಸ್ಟರ್ಸ್ ಗೈಡ್ ತೆಗೆದು ನೋಡಿ. ಪ್ಯಾಲಡಿನ್ ಕೈಯಲ್ಲಿ ಪ್ಲಸ್ 5, ಬೇರೆಯವರ ಕೈಯಲ್ಲಿ ಪ್ಲಸ್ 2. ಅಂದರೆ ಫೈಟರ್‌ಗೂ ಒಂದು ಒಳ್ಳೆಯ ಕತ್ತಿ ಸಿಗುತ್ತಿತ್ತು, ಜೊತೆಗೆ ಇದರೊಳಗೆ ಇನ್ನೂ ಏನೋ ಇದೆ ಅನ್ನುವ ಕುತೂಹಲವೂ ಸಿಗುತ್ತಿತ್ತು. 2000ದ ಮೂರನೇ ಆವೃತ್ತಿಯಲ್ಲೂ ಇದೇ ಲೆಕ್ಕ. ಕುಬ್ಜರ ಸುತ್ತಿಗೆ ಡ್ವಾರ್ವನ್ ಥ್ರೋವರ್ ಕೂಡ ಹಾಗೇ: ನೋಡಲು ಸಾಮಾನ್ಯ ಪ್ಲಸ್ 2 ಸುತ್ತಿಗೆ, ಕುಬ್ಜ ಯೋಧ ಎತ್ತಿಕೊಂಡು ಸರಿಯಾದ ಮಾತು ಹೇಳಿದಾಗ ಮಾತ್ರ ಅದರ ಪೂರ್ತಿ ಶಕ್ತಿ ಹೊರಗೆ ಬರುತ್ತದೆ. ಐದನೇ ಆವೃತ್ತಿಯಲ್ಲಿ ಎರಡಕ್ಕೂ ಅಟ್ಯೂನ್‌ಮೆಂಟ್ ಬಂತು. ಅಟ್ಯೂನ್ ಆಗದವರಿಗೆ ಮಾಯದ ಗುಣ ಒಂದೂ ದಕ್ಕುವುದಿಲ್ಲ. ಹೆಚ್ಚು ಜನ ಆಡಲಿ ಅಂತ ಸರಳ ಮಾಡಲು ಹೋಗಿ ಮಧ್ಯದ ಮೆಟ್ಟಿಲನ್ನೇ ಕಿತ್ತುಹಾಕಿದರು.

ಅಟ್ಯೂನ್‌ಮೆಂಟ್ ಪದ್ಧತಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಇದೆ. ಒಬ್ಬರು ಒಂದು ಹೊತ್ತಿಗೆ ಮೂರೇ ವಸ್ತುಗಳಿಗೆ ಅಟ್ಯೂನ್ ಆಗಬಹುದು, ಪ್ರತಿಯೊಂದಕ್ಕೂ ಒಂದು ಶಾರ್ಟ್ ರೆಸ್ಟ್ (ಆಟದೊಳಗಿನ ಚಿಕ್ಕ ವಿಶ್ರಾಂತಿ) ಬೇಕು. ಇದು ನಿಜವಾದ ನಿರ್ಬಂಧ. ನಾಲ್ಕನೇ ಉಂಗುರ ಸಿಕ್ಕಾಗ ಆಟಗಾರ ಕೂತು ಯೋಚಿಸುತ್ತಾನೆ, ಒಂದನ್ನು ಬಿಡಬೇಕು, ಯಾವುದು? ಕೆಲವರು ತಮ್ಮದನ್ನು ಪಕ್ಕದವರಿಗೆ ದಾಟಿಸುತ್ತಾರೆ, ಅದರಿಂದ ಪಾರ್ಟಿಯೊಳಗೆ ಎಷ್ಟೋ ಮಾತುಕತೆ ಹುಟ್ಟುತ್ತದೆ. ಮೂರು ಅನ್ನುವ ಮಿತಿ ಆಟಗಾರನನ್ನು ಕೇಳುತ್ತದೆ. "ಪ್ಯಾಲಡಿನ್‌ಗೆ ಮಾತ್ರ" ಅನ್ನುವ ಸಾಲು ಅವನನ್ನು ಕೇಳುವುದೇ ಇಲ್ಲ. ಎರಡೂ ಒಂದೇ ಪುಸ್ತಕದ ನಿಯಮಗಳೇ, ಆದರೆ ನಡೆಯುವ ರೀತಿ ಎಷ್ಟು ಬೇರೆ ನೋಡಿ.

ಬೆಲೆ ಇಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2018ರಲ್ಲಿ ಪಾಥ್‌ಫೈಂಡರ್ ಅನ್ನುವ ಇದೇ ಬಗೆಯ ಇನ್ನೊಂದು ಆಟದ ಎರಡನೇ ಆವೃತ್ತಿಯನ್ನು ಪರೀಕ್ಷೆಗೆ ಬಿಟ್ಟಾಗ ರೆಸೊನೆನ್ಸ್ ಅನ್ನುವ ಲೆಕ್ಕ ತಂದಿದ್ದರು. ನಿಮ್ಮ ಲೆವೆಲ್‌ಗೆ ಕರಿಸ್ಮ (ಪಾತ್ರದ ವ್ಯಕ್ತಿತ್ವದ ಬಲ) ಮಾಡಿಫೈಯರ್ ಕೂಡಿಸಿದರೆ ಎಷ್ಟು ಬರುತ್ತದೋ ಅಷ್ಟು ಪಾಯಿಂಟ್ ಒಂದು ದಿನಕ್ಕೆ. ಮಾಯದ ವಸ್ತು ತೊಟ್ಟರೆ ಒಂದು ಪಾಯಿಂಟ್, ಔಷಧಿ ಕುಡಿದರೂ ಒಂದು ಪಾಯಿಂಟ್. ಆಟಗಾರರಿಗೆ ಇದು ಹಿಡಿಸಲಿಲ್ಲ, 2019ರಲ್ಲಿ ಪೂರ್ತಿ ಪುಸ್ತಕ ಬರುವಷ್ಟರಲ್ಲಿ ಅದನ್ನು ಕೈಬಿಟ್ಟು, ದಿನಕ್ಕೆ ಹತ್ತು ವಸ್ತು ತೊಡಬಹುದು ಅನ್ನುವ ಸರಳ ನಿಯಮಕ್ಕೆ ಬಂದರು. ನನಗೆ ಕಾಣುವ ಕಾರಣ ಇದು: ಆ ಬೆಲೆ ಎಲ್ಲರಿಗೂ ಒಂದೇ, ಎಲ್ಲ ವಸ್ತುವಿಗೂ ಒಂದೇ. ಗಾಯಗೊಂಡು ಬಿದ್ದವನು ಬದುಕಲು ಔಷಧಿ ಕುಡಿಯುವಾಗಲೂ ಎಣಿಸುತ್ತಾ ಕೂರಬೇಕು ಅಂದರೆ ಅದು ಬರೀ ಲೆಕ್ಕಪತ್ರ. ಆ ವಸ್ತುವಿಗೂ ಆ ಬೆಲೆಗೂ ಸಂಬಂಧವೇ ಇರಲಿಲ್ಲ.

ಸಂಬಂಧ ಇರುವ ಬೆಲೆ ಹೇಗಿರುತ್ತದೆ ಅಂತ ನೋಡಲು ನಾವು ದೂರ ಹೋಗಬೇಕಿಲ್ಲ. ಮಹಾಭಾರತದ ಕೊನೆಯ ರಾತ್ರಿಯ ನಂತರದ ಪ್ರಸಂಗ ನೆನಪಿಸಿಕೊಳ್ಳಿ. ಅಶ್ವತ್ಥಾಮ ಹುಲ್ಲುಕಡ್ಡಿಯನ್ನು ಮಂತ್ರಿಸಿ ಬ್ರಹ್ಮಶಿರ ಅಸ್ತ್ರ ಬಿಡುತ್ತಾನೆ. ಅರ್ಜುನನೂ ಅದೇ ಅಸ್ತ್ರ ಬಿಡುತ್ತಾನೆ. ನಾರದ, ವ್ಯಾಸ ಇಬ್ಬರೂ ನಡುವೆ ಬಂದು ನಿಂತು ಹಿಂದಕ್ಕೆ ತೆಗೆದುಕೊಳ್ಳಿ ಅನ್ನುತ್ತಾರೆ. ಅರ್ಜುನ ತೆಗೆದುಕೊಳ್ಳುತ್ತಾನೆ, ಯಾಕಂದರೆ ಅವನು ವ್ರತ, ನಿಯಮ ಪಾಲಿಸಿದವನು. ಹಾಗೆ ಪಾಲಿಸದವನು ಅಸ್ತ್ರವನ್ನು ಹಿಂದಕ್ಕೆ ಕರೆದರೆ ಅದು ಅವನ ತಲೆಯನ್ನೇ ತೆಗೆಯುತ್ತದೆ. ಅಶ್ವತ್ಥಾಮನಿಗೆ ಹಿಂದಕ್ಕೆ ಕರೆಯಲು ಆಗುವುದಿಲ್ಲ, ಕೊನೆಗೆ ಅದನ್ನು ಪಾಂಡವರ ಹೆಂಗಸರ ಗರ್ಭಕ್ಕೆ ತಿರುಗಿಸುತ್ತಾನೆ. ಗಮನಿಸಿ, ಬಿಡುವ ಅಧಿಕಾರ ಇಬ್ಬರಿಗೂ ಇತ್ತು. ಅಸ್ತ್ರದ ಮೇಲೆ "ಅರ್ಜುನನಿಗೆ ಮಾತ್ರ" ಅಂತ ಬರೆದಿರಲಿಲ್ಲ. ಆದರೆ ಅದರ ಬೆಲೆ ಅರ್ಜುನನಿಗೆ ಹಗುರ, ಅಶ್ವತ್ಥಾಮನಿಗೆ ಸರ್ವನಾಶ. ಒಬ್ಬ ಡಿಎಂಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇನ್ನೊಂದು ಕರ್ಣನದು. ಇಲ್ಲಿರುವುದು ಹುಟ್ಟಿನ ಗೋಡೆ. ಪರಶುರಾಮ ಬ್ರಾಹ್ಮಣರಿಗೆ ಮಾತ್ರ ಅಸ್ತ್ರವಿದ್ಯೆ ಕೊಡುತ್ತೇನೆ ಅನ್ನುತ್ತಾನೆ, ಕರ್ಣ ಬ್ರಾಹ್ಮಣ ಅಂತ ಹೇಳಿಕೊಂಡು ಕಲಿಯುತ್ತಾನೆ, ತೊಡೆ ಕೊರೆದ ಹುಳದಿಂದ ಗುಟ್ಟು ಹೊರಬಿದ್ದಾಗ ಶಾಪ ಬರುತ್ತದೆ: ಬೇಕಾದ ಹೊತ್ತಿಗೆ ಆ ಅಸ್ತ್ರ ನೆನಪಾಗದಿರಲಿ. ಮೂರನೇ ಆವೃತ್ತಿಯ ಯೂಸ್ ಮ್ಯಾಜಿಕ್ ಡಿವೈಸ್ ಅನ್ನುವ ಸ್ಕಿಲ್ ನೋಡಿದಾಗಲೆಲ್ಲ ನನಗೆ ಕರ್ಣ ನೆನಪಾಗುತ್ತಾನೆ. ಮಂತ್ರ ಬಾರದ ರೋಗ್ ವ್ಯಾಂಡ್ (ಮಂತ್ರದ ಕೋಲು) ಹಿಡಿದು ನಾನೂ ನಿಮ್ಮವನೇ ಅಂತ ಅದನ್ನು ನಂಬಿಸಬೇಕು. ವ್ಯಾಂಡ್‌ಗೆ ಡಿಸಿ (ದಾಳ ಹಾಕಿ ಮುಟ್ಟಬೇಕಾದ ಅಂಕ) 20. ಬೇರೆ ಕುಲದವನಂತೆ ನಟಿಸಲು 25, ಬೇರೆ ಪಕ್ಷದವನಂತೆ ನಟಿಸಲು 30. ದಾಳದಲ್ಲಿ ಒಂದು ಬಿದ್ದು ಸೋತರೆ ಆ ವಸ್ತುವನ್ನು 24 ಗಂಟೆ ಮತ್ತೆ ಪ್ರಯತ್ನಿಸುವ ಹಾಗಿಲ್ಲ. ಇಡೀ ಮೂರನೇ ಆವೃತ್ತಿಯಲ್ಲಿ ನನಗೆ ಅತ್ಯಂತ ಪ್ರೀತಿಯ ನಿಯಮ ಇದು. ಗೋಡೆ ಹಾಗೇ ಇದೆ, ಆದರೆ ಹತ್ತಿ ಇಳಿಯಬಲ್ಲವನಿಗೆ ಅವಕಾಶವೂ ಇದೆ, ಬಿದ್ದರೆ ಪೆಟ್ಟೂ ಇದೆ. 2014ರ ಐದನೇ ಆವೃತ್ತಿಯಲ್ಲಿ ಥೀಫ್ (ರೋಗ್‌ನ ಒಂದು ಬಗೆ) 13ನೇ ಲೆವೆಲ್‌ಗೆ ಬಂದಾಗ ಕ್ಲಾಸ್, ಕುಲ, ಲೆವೆಲ್ ಷರತ್ತುಗಳನ್ನೆಲ್ಲ ಸುಮ್ನೆ ಮೀರಬಹುದು ಅಂತ ಮಾಡಿದರು. ಡೈಸ್ ಇಲ್ಲ, ಅಪಾಯ ಇಲ್ಲ. ನನಗೆ ಅದು ಸಪ್ಪೆ ಅನ್ನಿಸುತ್ತದೆ.

ಇನ್ನು ಮಾಡುವುದು ಹೇಗೆ ಅನ್ನುವುದಕ್ಕೆ ಬರೋಣ. ಹೋಲಿ ಅವೆಂಜರ್‌ನ ಜಾಗದಲ್ಲಿ ನಾನು ಇಡುವ ಕತ್ತಿಯನ್ನೇ ಬಿಚ್ಚಿ ತೋರಿಸುತ್ತೇನೆ. ಹೆಸರು ಸಾಕ್ಷಿ. ಯಾರು ಬೇಕಾದರೂ ಅಟ್ಯೂನ್ ಆಗಬಹುದು, ಎಲ್ಲರ ಕೈಯಲ್ಲೂ ಪ್ಲಸ್ 2. ಸೊಂಟಕ್ಕೆ ಕಟ್ಟಿಕೊಂಡವರು ಗೊತ್ತಿದ್ದೂ ಸುಳ್ಳು ಹೇಳಿದರೆ, ಕತ್ತಿ ಒರೆಯೊಳಗೇ ಗಲಗಲ ಅನ್ನುತ್ತದೆ, ಅದು 30 ಅಡಿಯವರೆಗೆ ಕೇಳಿಸುತ್ತದೆ. ಮೂರು ಜನರ ಎದುರು ಒಂದು ಮಾತು ಕೊಟ್ಟು, ಆ ಮಾತು ನಡೆಸಿಕೊಡುವವರೆಗೆ ಅದು ಪ್ಲಸ್ 3, ಜೊತೆಗೆ ಹೋಲಿ ಅವೆಂಜರ್‌ನ ಉಳಿದ ಶಕ್ತಿಗಳೆಲ್ಲ ಬರುತ್ತವೆ. ಮಾತು ಮುರಿದರೆ ಕತ್ತಿ ಒರೆಯಿಂದ ಹೊರಗೆ ಬರುವುದಿಲ್ಲ, ಯಾರ ಎದುರು ಮಾತು ಕೊಟ್ಟಿದ್ದರೋ ಅವರ ಎದುರು ನಿಂತು ತಪ್ಪು ಒಪ್ಪಿಕೊಳ್ಳಬೇಕು.

ಪ್ಯಾಲಡಿನ್‌ಗೆ ಇದರಲ್ಲಿ ಏನು ಕಷ್ಟ? ಬಹುಪಾಲು ಏನೂ ಇಲ್ಲ. ಅವನು ಹೇಗಿದ್ದರೂ ಮಾತು ಕೊಟ್ಟು ಬದುಕುವವನು. ಫೈಟರ್‌ಗೆ ಸ್ವಲ್ಪ ಕಷ್ಟ, ಆದರೆ ಆಗುತ್ತದೆ, ಅವಳ ಕ್ಯಾರೆಕ್ಟರ್ ಅದರಿಂದ ಬದಲಾಗಲೂಬಹುದು. ರೋಗ್‌ಗೆ? ಕಾವಲುಗಾರನ ಎದುರು ನಿಂತು "ನಾವು ಧಾನ್ಯದ ವ್ಯಾಪಾರಿಗಳು ಸ್ವಾಮಿ" ಅನ್ನುತ್ತಿರುವಾಗ ಸೊಂಟದಲ್ಲಿ ಗಲಗಲ ಶುರುವಾದರೆ ಗತಿಯೇನು! ಆದರೂ ರೋಗ್ ಆಡುವವನು ಅದನ್ನೇ ಬೇಕು ಅಂದರೆ ಕೊಡಿ, ಖಂಡಿತ ಕೊಡಿ. ಸುಳ್ಳು ಹೇಳದೆ ಬರೀ ಅರ್ಧ ಸತ್ಯಗಳಲ್ಲಿ ಕಾವಲುಗಾರನನ್ನು ದಾರಿ ತಪ್ಪಿಸಲು ಅವನು ಒದ್ದಾಡುವುದನ್ನು ನೋಡುವುದೇ ಒಂದು ಸೆಷನ್ ಆಗುತ್ತದೆ.

ಕುಬ್ಜರ ಸುತ್ತಿಗೆಗೂ ಇದೇ ರೀತಿ. ಯಾರು ಬೇಕಾದರೂ ಎಸೆಯಲಿ, ಆದರೆ ಅದು ಬಿಟ್ಟಷ್ಟೇ ಜೋರಾಗಿ ವಾಪಸ್ಸು ಬರುತ್ತದೆ, ಹಿಡಿಯಲು ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿತನದ) ಸೇವ್ ಬೇಕು, ತಪ್ಪಿದರೆ ಹಿಡಿಯುವವನೇ ನೆಲಕ್ಕೆ. ಗಟ್ಟಿಮೈಯ ಕುಬ್ಜನಿಗೆ ಇದು ಲೆಕ್ಕಕ್ಕೇ ಇಲ್ಲ, ಸಣಕಲು ಎಲ್ಫ್ ಎರಡು ಸಲ ಬಿದ್ದ ಮೇಲೆ ತಾನೇ ತಂದು ಕುಬ್ಜನ ಕೈಗೆ ಕೊಡುತ್ತಾನೆ. ಹುಟ್ಟನ್ನು ನೋಡಿ ಬಾಗಿಲು ಮುಚ್ಚುವ ನಿಯಮ ನನಗೆ ಮೊದಲಿನಿಂದಲೂ ಒಗ್ಗುವುದಿಲ್ಲ. ಆಟದಲ್ಲಿ ಕ್ಲಾಸ್ ಬೇಕಾದರೆ ಬೆರೆಸಿಕೊಳ್ಳಬಹುದು, ಹುಟ್ಟನ್ನು ಏನೂ ಮಾಡಲಾಗುವುದಿಲ್ಲ. ಅದೇ ಕೆಲಸವನ್ನು ಮೈಯ ತಾಕತ್ತಿನಿಂದ ಮಾಡಿಸಬಹುದಾದರೆ ಹಾಗೇ ಮಾಡಿ.

ಮಂತ್ರದಂಡಗಳಿಗೆ ಇದು ಇನ್ನೂ ಸುಲಭ. ದಂಡ ಪ್ರತಿ ಸಲ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಸರದಿ) ಕೇಳಲಿ, ಸ್ಲಾಟ್ ಇಲ್ಲದವರ ಮೇಲೆ ಒಂದು ಎಕ್ಸಾಷನ್ ಲೆವೆಲ್ (ದಣಿವಿನ ಮಟ್ಟ) ಹೇರಲಿ. ಫೈಟರ್ ಅದನ್ನು ದಿನಾ ಬಳಸುವುದಿಲ್ಲ. ವಿಜರ್ಡ್ ಬಿದ್ದು ಎಲ್ಲರೂ ಸಾಯುವ ಹೊತ್ತಿನಲ್ಲಿ ಒಂದೇ ಒಂದು ಸಲ ಎತ್ತಿಕೊಳ್ಳುತ್ತಾಳೆ.

ಬೆಲೆ ಆರಿಸುವಾಗ ಒಂದು ಎಚ್ಚರ ಇರಲಿ. ಬರೀ ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಕೇಳಬೇಡಿ. ಒಂದು ಲಾಂಗ್ ರೆಸ್ಟ್ (ರಾತ್ರಿಯ ನಿದ್ದೆ) ಹೊಡೆದರೆ ಎಲ್ಲ ವಾಪಸ್ಸು ಬರುತ್ತದೆ, ಆಟಗಾರರು ನಗುತ್ತಾ ಕೊಟ್ಟುಬಿಡುತ್ತಾರೆ. 2014ರ ಪುಸ್ತಕದಲ್ಲಿರುವ ಟ್ಯಾಲಿಸ್ಮನ್ ಆಫ್ ಪ್ಯೂರ್ ಗುಡ್ (ಒಳ್ಳೆಯವರ ತಾಯತ) ಅನ್ನೇ ತೆಗೆದುಕೊಳ್ಳಿ, ದುಷ್ಟರು ಮುಟ್ಟಿದರೆ ಎಂಟು ಡಿ6, ಒಳ್ಳೆಯವರೂ ಅಲ್ಲದ ಕೆಟ್ಟವರೂ ಅಲ್ಲದವರಿಗೆ ಆರು ಡಿ6. ಮೊದಲ ಲೆವೆಲ್‌ನವನು ಸುಟ್ಟುಹೋಗುತ್ತಾನೆ, 15ನೇ ಲೆವೆಲ್‌ನವನು ಕೈ ಕೊಡವಿಕೊಳ್ಳುತ್ತಾನೆ. ನಿದ್ದೆ ಮಾಡಿ ಎದ್ದರೂ ವಾಪಸ್ಸು ಬರದ ಏನನ್ನಾದರೂ ಕೇಳಿ: ಹೆಸರು, ಮಾತು, ನೆನಪು, ಸಮಯ, ಊರಿನವರ ವಿಶ್ವಾಸ.

ಇನ್ನೊಂದು, ಬೆಲೆಯನ್ನು ಮೊದಲೇ ಹೇಳಿ. ಪೂರ್ತಿ ಅಲ್ಲದಿದ್ದರೂ ಅದರ ವಾಸನೆಯಾದರೂ ಬರಲಿ. ಹಳೆಯ ಆಟಗಳಲ್ಲಿ ಶಾಪದ ಕತ್ತಿ ಎತ್ತಿಕೊಂಡ ಮೇಲೆಯೇ ಗೊತ್ತಾಗುತ್ತಿತ್ತು, ಇನ್ನು ಬಿಡಲು ಆಗುವುದಿಲ್ಲ ಅಂತ. ಒಂದು ಸಲ ಅದು ಮಜಾ. ಎರಡನೇ ಸಲದಿಂದ ಆಟಗಾರರು ಯಾವ ವಸ್ತುವನ್ನೂ ಮುಟ್ಟುವುದಿಲ್ಲ, ಎಲ್ಲವನ್ನೂ ಕೋಲಿನಿಂದ ತಿವಿದು ನೋಡುತ್ತಾರೆ, ಆಟ ನಿಂತಲ್ಲೇ ನಿಲ್ಲುತ್ತದೆ. ಐದನೇ ಆವೃತ್ತಿಯ ಬರ್ಸರ್ಕರ್ ಆ್ಯಕ್ಸ್ (ಶಾಪ ಹೊತ್ತ ಕೊಡಲಿ) ನನಗೆ ಇಷ್ಟ, ಯಾಕಂದರೆ ಅದು ಕೊಡುವುದೂ ಜಾಸ್ತಿ: ಪ್ರತಿ ಲೆವೆಲ್‌ಗೆ ಒಂದು ಹಿಟ್ ಪಾಯಿಂಟ್ ಹೆಚ್ಚು. ಆದರೆ ಪೆಟ್ಟು ಬಿದ್ದಾಗ ಡಿಸಿ 15 ವಿಸ್ಡಮ್ (ವಿವೇಕದ) ಸೇವ್ ತಪ್ಪಿದರೆ ಹುಚ್ಚು ಹಿಡಿಯುತ್ತದೆ, ಕೊಡಲಿ ಹಿಡಿದವನು ಹತ್ತಿರ ಇರುವವರ ಮೇಲೇ ಬೀಳುತ್ತಾನೆ. ನಾನಾದರೆ ಅದರ ಹಿಂದಿನ ಯಜಮಾನನ ಕಥೆಯನ್ನು ಊರಿನ ಯಾರದಾದರೂ ಬಾಯಲ್ಲಿ ಮೊದಲೇ ಹೇಳಿಸುತ್ತೇನೆ. ಗೊತ್ತಿದ್ದೂ ಎತ್ತಿಕೊಂಡರೆ ಅದರ ತೂಕವೇ ಬೇರೆ.

ಕಂಪ್ಯೂಟರ್ ಆಟಗಳ ಬಗ್ಗೆ ಎರಡು ಮಾತು. 2000ದ ಬಾಲ್ಡರ್ಸ್ ಗೇಟ್ 2ರಲ್ಲಿ ಕಾರ್ಸೊಮಿರ್ ಅನ್ನುವ ಕತ್ತಿ ಫಿರ್ಕ್ರಾಗ್ ಡ್ರ್ಯಾಗನ್ನಿನ ನಿಧಿಯಲ್ಲಿ ಸಿಗುತ್ತದೆ, ಪ್ಯಾಲಡಿನ್‌ಗೆ ಮಾತ್ರ. ಆದರೆ ಅಲ್ಲಿ ಕೆಲ್ಡೋರ್ನ್ ಅನ್ನುವ ಪ್ಯಾಲಡಿನ್ ಜೊತೆಗಾರನಾಗಿ ಸಿಗುತ್ತಾನೆ, ಹಾಗಾಗಿ ಆ ಗೋಡೆ ಒಂದು ಸ್ನೇಹಕ್ಕೆ ದಾರಿಯಾಯಿತು. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಅಟ್ಯೂನ್‌ಮೆಂಟೇ ಇಲ್ಲ, ಮಂತ್ರದ ಸುರುಳಿಯನ್ನು ಯಾರು ಬೇಕಾದರೂ ಓದಬಹುದು. ಒಬ್ಬರೇ ಕೂತು ನಾಲ್ಕು ಜನರನ್ನು ಆಡಿಸುವಾಗ ಅದು ಸರಿ. ನಾಲ್ಕು ಜನ ಒಟ್ಟಿಗೆ ಕೂತ ಟೇಬಲ್‌ಗೆ ಅದನ್ನು ಹಾಗೇ ತರಬೇಡಿ, ಅಲ್ಲಿ ಪ್ರತಿಯೊಬ್ಬರಿಗೂ ತಮ್ಮದು ಅಂತ ಒಂದು ಕೆಲಸ ಬೇಕು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಬೆಲೆ ತೆತ್ತು ಎಲ್ಲರೂ ಎಲ್ಲವನ್ನೂ ಬಳಸಿದರೆ ವಿಜರ್ಡ್ ಆಡುವವರಿಗೆ ಬೇಜಾರಾಗುವುದಿಲ್ಲವೇ? ಬೆಲೆ ಕಮ್ಮಿಯಾದರೆ ಖಂಡಿತ ಆಗುತ್ತದೆ. ಫೈಟರ್ ಪ್ರತಿ ಹೊಡೆದಾಟದಲ್ಲೂ ದಂಡ ಎತ್ತುತ್ತಿದ್ದಾಳೆ ಅಂದರೆ ನೀವು ಕೇಳಿದ ಬೆಲೆ ಸಾಲದು, ಮುಂದಿನ ಸೆಷನ್‌ಗೆ ಮೊದಲು ಅವಳ ಹತ್ತಿರ ಮಾತಾಡಿ ಏರಿಸಿ. ಯಾರೂ ಒಂದು ಸಲವೂ ಎತ್ತುತ್ತಿಲ್ಲ ಅಂದರೆ ಜಾಸ್ತಿಯಾಯಿತು.

ಧರ್ಮ-ಅಧರ್ಮದ ಪಕ್ಷ ನೋಡುವ ವಸ್ತುಗಳನ್ನು ಏನು ಮಾಡಬೇಕು ಅಂತ ಇನ್ನೊಬ್ಬರು. ಯಾರು ಒಳ್ಳೆಯವರು ಅಂತ ಟೇಬಲ್‌ನಲ್ಲಿ ಅರ್ಧ ಗಂಟೆ ವಾದ ಆಗುವುದನ್ನು ನೀವೂ ನೋಡಿರುತ್ತೀರಿ. ಪಕ್ಷ ಬಿಡಿ, ಕೆಲಸ ನೋಡಿ. "ಶರಣಾದವನನ್ನು ಕೊಂದ ಕೈಗೆ ಈ ಕತ್ತಿ ಹುಣ್ಣಿಮೆಯವರೆಗೆ ಒಲಿಯುವುದಿಲ್ಲ" ಅಂತ ಬರೆದರೆ ವಾದಕ್ಕೆ ಜಾಗವೇ ಇಲ್ಲ.

ಕೊನೆಯ ಪ್ರಶ್ನೆ ಬಹಳ ಜನರದ್ದು: ಕ್ಯಾಂಪೇನ್ ಅರ್ಧ ಮುಗಿದಿದೆ, "ಪ್ಯಾಲಡಿನ್‌ಗೆ ಮಾತ್ರ" ಅಂತ ಹೇಳಿ ಆಗಿದೆ, ಕತ್ತಿ ಚೀಲದಲ್ಲಿ ಬಿದ್ದಿದೆ, ಈಗ ಏನು? ನಿಯಮ ಬದಲಾಯಿಸಿದೆ ಅಂತ ಘೋಷಿಸಬೇಡಿ. ಕತ್ತಿಯೇ ಮೊದಲ ಹೆಜ್ಜೆ ಇಡಲಿ. ಫೈಟರ್ ಒಂದು ದಿನ ಯಾರಿಗೋ ಕೊಟ್ಟ ಮಾತಿಗಾಗಿ ಹಿಂದೆ ಸರಿಯದೆ ನಿಂತಾಗ, ಚೀಲದೊಳಗಿಂದ ಅದು ಬೆಚ್ಚಗಾಗಲಿ. ಅವಳು ತೆಗೆದು ಹಿಡಿದರೆ ಪ್ಲಸ್ 1 ಕೊಡಿ, ಅಂದು ಅಷ್ಟೇ. ಮುಂದಿನದ್ದಕ್ಕೆ ಏನು ಮಾಡಬೇಕು ಅಂತ ಅವಳೇ ಕೇಳುತ್ತಾಳೆ, ಆಗ ಹೇಳಿ: ಈ ಕತ್ತಿಯನ್ನು ಹಿಂದೆ ಹೊತ್ತಿದ್ದ ಪ್ಯಾಲಡಿನ್ ಒಂದು ಕೆಲಸ ಅರ್ಧಕ್ಕೆ ಬಿಟ್ಟು ಸತ್ತಿದ್ದಾನೆ. ಅದನ್ನು ಯಾರು ಮುಗಿಸುತ್ತಾರೆ ಅನ್ನುವುದನ್ನು ಪಾರ್ಟಿಯವರೇ ತೀರ್ಮಾನಿಸಲಿ.